ಹೆಸರು ಹೇಳಿ ಹಾಕಿದ ಹಿಡಿ

ಪ್ರಭುವಿನ ಮನೆಯಲ್ಲಿ ನನ್ನೊಂದಿಗೆ ಮಂಡಿಯೂರುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ,

ಮೂರು ವರ್ಷದ ಹಿಂದೆ, ತೊಗರಿ ಹೂ ಬಿಡುವ ಕಾಲದಲ್ಲಿ, ನನ್ನ ಹೆಂಡತಿ ಸುನಂದಾಳಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಕಲಬುರಗಿಯ ಆಸ್ಪತ್ರೆಯಲ್ಲಿ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಉಸಿರಾಡಲು ಯಂತ್ರ ಹಚ್ಚಿದರು. ನನ್ನೆರಡು ಅಂಗೈಯಲ್ಲಿ ಹಿಡಿಸುವಷ್ಟೇ ಇತ್ತು ಕೂಸು. "ಈಗೇನೂ ಹೇಳಾಕ ಬರಲ್ರಿ," ಎಂದರು ಡಾಕ್ಟರು.

ನರೋಣಾದ ನಮ್ಮ ಚಿಕ್ಕ ಸಭೆಗೆ ನಾನು ಪಾಸ್ಟರ್ ಆಗಿ ಬಂದು ಆಗ ಒಂದು ವರ್ಷವಾಗಿತ್ತು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು. ಕಾಗದದ ಆಧಾರವಿಲ್ಲದೆ ಯಾರ ಮಾತನ್ನೂ ನಂಬಬಾರದೆಂದು ಅಲ್ಲಿ ಕಲಿತೆ. ಪ್ರಸಂಗ ಮಾಡಲು ನಿಂತಾಗಲೂ ಆ ಅಭ್ಯಾಸ ಬಿಟ್ಟಿಲ್ಲ. ನನ್ನ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ. ಇದನ್ನು ಓದುವಾಗ ನೀವೂ ಅದನ್ನು ಮನಸ್ಸಿನಲ್ಲಿಡಿ.

ಆದರೆ ನಾನು ಮಾಡಿದ ತಪ್ಪು ಸ್ಪಷ್ಟವಾಗಿ ನೆನಪಿದೆ. ನಮ್ಮ ಸಭೆಯ ಹೆಣ್ಣುಮಕ್ಕಳು ದಿನಾ ಅಡುಗೆಗೆ ಮುಂಚೆ ಒಂದು ಹಿಡಿ ಕಾಳು ದೇವರಿಗೆಂದು ತೆಗೆದಿಟ್ಟು, ಭಾನುವಾರ ಆರಾಧನೆಯಲ್ಲಿ ಕಾಣಿಕೆಯ ಮೇಜಿನ ಮುಂದಿನ ತಗಡಿನ ಡಬ್ಬಕ್ಕೆ ಸುರಿಯುತ್ತಿದ್ದರು. ಜೋಳ, ಅಕ್ಕಿ, ತೊಗರಿ ಎಲ್ಲ ಬೆರೆತುಹೋಗುತ್ತಿತ್ತು. ನುಸಿಯೂ ಬೀಳುತ್ತಿತ್ತು. ಅದನ್ನು ಆರಿಸಿ ಇಲ್ಲದವರ ಮನೆಗೆ ಕೊಡುವುದು ಬಸುರಿ ಸುನಂದಾಳ ಕೆಲಸ. ಒಂದು ಭಾನುವಾರ ನಾನು ಮನೆವಾರ್ತೆಯ ಬಗ್ಗೆ ಪ್ರಸಂಗ ಮಾಡಿದೆ. ದೇವರು ಒಪ್ಪಿಸಿದ್ದನ್ನು ಅಚ್ಚುಕಟ್ಟಾಗಿ ನೋಡಿಕೊಳ್ಳಬೇಕು, ಇನ್ನು ದಿನದ ಹಿಡಿ ಬೇಡ, ಸುಗ್ಗಿಯಲ್ಲಿ ಒಂದೇ ಸಲ ಹಸನು ಮಾಡಿದ ಕಾಳು ತನ್ನಿರಿ ಎಂದೆ. ಡಬ್ಬ ಅಟ್ಟಕ್ಕೆ ಹೋಯಿತು.

ಸಭೆಯ ಹಿರಿಯಳಾದ ಶಾಂತವ್ವ ಬಾಗಿಲಲ್ಲಿ ನಿಂತು ಕೇಳಿದಳು: "ಹಂಗಾದ್ರ ದಿನಾ ಏನ್ ಮಾಡ್ಬೇಕ್ರಿ ಪಾಸ್ಟರ್?"

"ಪ್ರಾರ್ಥನಾ ಮಾಡ್ರಿ ಅವ್ವಾ, ಸಾಕು."

ಆಕೆ ಸೆರಗು ಹೊದ್ದುಕೊಂಡು ಹೊರಟುಹೋದಳು.

ಎರಡು ತಿಂಗಳ ಮೇಲೆ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತಾಗ ನನಗೇ ಪ್ರಾರ್ಥಿಸಲು ಬರಲಿಲ್ಲ. ಬಾಯಿ ತೆರೆದರೆ ಪ್ರಸಂಗದ ವಾಕ್ಯಗಳು ಬರುತ್ತಿದ್ದವು, ನಾಚಿಕೆಯಾಗಿ ಸುಮ್ಮನಾದೆ. "ನೀವು ಜೋರಾಗಿ ಪ್ರಾರ್ಥನಾ ಮಾಡಿದ್ರಿ, ನಾ ಕೇಳೀನಿ," ಎಂದು ಸುನಂದಾ ಈಗಲೂ ಹೇಳುತ್ತಾಳೆ. ನನಗೆ ನೆನಪಿರುವುದು ಗಾಜಿಗೆ ಹಣೆ ಹಚ್ಚಿ "ಒಯ್ಯಬೇಡ" ಎಂದದ್ದು ಮಾತ್ರ.

ಒಂಬತ್ತನೆಯ ದಿನ ಬೆಳಿಗ್ಗೆ, ಊರಿನ ಮೊದಲ ಬಸ್ಸಿಗೆ ಶಾಂತವ್ವ ಬಂದಳು. ಕಂಕುಳಲ್ಲಿ ಒಂದು ಬಟ್ಟೆಯ ಚೀಲ. ಬಿಚ್ಚಿದರೆ ಅದೇ ಬೆರಕೆ ಕಾಳು.

"ಬ್ಯಾಡ ಅಂದಿದ್ನಲ್ಲ ಅವ್ವಾ."

"ನೀವು ಅಂದ್ರಿ. ಕೈ ಕೇಳ್ಬೇಕಲ್ರಿ?" ಆಕೆ ನನ್ನ ಪಕ್ಕದಲ್ಲಿ ಕುಳಿತಳು. "ನಮ್ಗ ನಿಮ್ಹಂಗ ಮಾತಾಡಾಕ ಬರಲ್ರಿ. ಒಬ್ಬರ ಹೆಸರು ಹೇಳ್ತೀವಿ, ಒಂದ್ ಹಿಡಿ ಹಾಕ್ತೀವಿ. ನಮ್ ಪ್ರಾರ್ಥನಾ ಅಷ್ಟೇ. ಇಷ್ಟ್ ಓದೀರಿ, ಇದು ಗೊತ್ತಿರ್ಲಿಲ್ಲೇನು?"

ನಾನು ಅಟ್ಟಕ್ಕೆ ಹಾಕಿದ್ದು ಏನೆಂದು ಆಗ ತಿಳಿಯಿತು.

"ಇವು ಯಾರ ಹೆಸರಿನವು?"

"ಎಲ್ಲಾ ನಿಮ್ ಕೂಸಿಂದೇ. ಈ ತೊಗರಿ ನಾಗಮ್ಮನ ಮನಿದು, ಅಕ್ಕಿ ಸುಶೀಲಾಂದು, ಜೋಳ ನಂದು. ಕೂಸಿಗಿನ್ನಾ ಹೆಸರಿಟ್ಟಿಲ್ಲಲ್ರಿ, ಅದಕ್ಕ 'ಪಾಸ್ಟರ್ ಕೂಸು' ಅಂತ ಹಾಕೀವಿ. ದೇವ್ರಿಗೆ ಮನಿ ಗೊತ್ತಾಗ್ತದ ಬಿಡ್ರಿ."

ನಾನು ಚೀಲದೊಳಗೆ ಕೈಯಿಟ್ಟು ಅತ್ತೆ. ಆಗಲೇ ನರ್ಸ್ ಬಂದು, ಯಂತ್ರ ತೆಗೆದಿದ್ದಾರೆ, ಕೂಸು ತಾನೇ ಉಸಿರಾಡಾಕತ್ತದ ಎಂದಳು.

ಇದನ್ನು ಎಷ್ಟೋ ಸಲ ಸಭೆಯಲ್ಲಿ ಹೀಗೆಯೇ ಹೇಳಿದ್ದೇನೆ. ಆದರೆ ಕಳೆದ ತಿಂಗಳು ಆಸ್ಪತ್ರೆಯ ಕಾಗದ ತೆಗೆದು ನೋಡಿದೆ. ಯಂತ್ರ ತೆಗೆದದ್ದು ಎಂಟನೆಯ ದಿನ. ಸುನಂದಾಳೂ, "ಹಿಂದಿನ ದಿನಾನ ನಿಮ್ಗ ಹೇಳಿದ್ನಲ್ರಿ, ನೀವು ಗೋಡಿ ನೋಡ್ಕೋತ ಕುಂತಿದ್ರಿ," ಎಂದಳು. ಕಾಳಿನ ಚೀಲ ಬರುವ ಹಿಂದಿನ ದಿನವೇ ಕೂಸು ತಾನೇ ಉಸಿರಾಡಿತ್ತು; ನಾನು ಕಂಡ ಪವಾಡ ಒಂದು ದಿನ ತಪ್ಪಿತ್ತು. ಎರಡು ದಿನ ಊಟ ಸೇರಲಿಲ್ಲ. ಕೊನೆಗೆ ಶಾಂತವ್ವನ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟೆ.

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಎಂಟನೇ ದಿನಾನೂ ಹಿಡಿ ಹಾಕಿದ್ನಲ್ರಿ," ಎಂದಳು.

ಪ್ರಿಯರೇ, ನಾನು ಕೇಳುವುದಕ್ಕೆ ಮೊದಲೇ ಕೊಟ್ಟ ದೇವರಿಗೆ ಸ್ತೋತ್ರ. ಕೃಪಾ ಎಂದು ಹೆಸರಿಟ್ಟ ನಮ್ಮ ಕೂಸಿಗೆ ಈಗ ಮೂರು ವರ್ಷ. ಡಬ್ಬ ಮತ್ತೆ ಮೇಜಿನ ಮುಂದಿದೆ. ನುಸಿ ಆರಿಸುವ ಕೆಲಸ ನನ್ನದು. ದಿನಾ ಬೆಳಿಗ್ಗೆ ನಮ್ಮ ಮನೆಯ ಹಿಡಿಯನ್ನೂ ನಾನೇ ಹಾಕುತ್ತೇನೆ. ಇವತ್ತಿನದು ನಿಮ್ಮದು. ನಿಮ್ಮ ಹೆಸರು ನನಗೆ ಗೊತ್ತಿಲ್ಲ. "ಇದನ್ನು ಓದುವವರು" ಎಂದು ಹೇಳಿ ಹಾಕಿದ್ದೇನೆ.