ಲೆಕ್ಕಕ್ಕೆ ಬರದ ಮುಂಡರಗಿ

ಬೆಟಗೇರಿಯ ನಮ್ಮ ಮನೆಯ ನಡುಕೋಣೆಯಲ್ಲಿ ಒಂದು ಕಾಲಕ್ಕೆ ನನ್ನ ಮಗ್ಗ ಇತ್ತು. ಈಗ ಅಲ್ಲಿ ಮೊಮ್ಮಗಳ ಹ್ಯಾಮ್ ರೇಡಿಯೊ ಕೂತಿದೆ. ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡವರು ಮಾತ್ರ ಅದರಲ್ಲಿ ಮಾತಾಡಬಹುದಂತೆ. ಹಾಡಿಲ್ಲ, ಸುದ್ದಿಯಿಲ್ಲ. ಎಲ್ಲೋ ಇರುವ ಯಾರೋ ತನ್ನ ಗುರುತಿನ ಅಕ್ಷರ ಹೇಳುತ್ತಾನೆ, ಎ ಅನ್ನಲು ಆಲ್ಫಾ, ಬಿ ಅನ್ನಲು ಬ್ರಾವೊ ಎಂದು, ಇವಳು ತನ್ನದು ಹೇಳುತ್ತಾಳೆ, ಮುಗಿಯಿತು. ಊಟ ಆಯಿತೇ ಎಂದು ಕೂಡ ಕೇಳುವುದಿಲ್ಲ. ಇದೆಂಥ ಮಾತು ಎಂದು ನಾನು ಬೈದದ್ದುಂಟು.

ಹೋದ ಚಳಿಗಾಲದಲ್ಲಿ ಅವರದೊಂದು ಸ್ಪರ್ಧೆ ಇತ್ತು. ಬೆಳಗಿನಿಂದ ಹೊತ್ತು ಮುಳುಗುವವರೆಗೆ ಹೆಚ್ಚು ಮಂದಿಯ ಜೊತೆ ಮಾತಾಡಿದವರು ಗೆದ್ದಂತೆ. ಮೊಮ್ಮಗಳು ಕಾರಿನಲ್ಲಿ ರೇಡಿಯೊ ಕಟ್ಟಿಕೊಂಡು ಹೊರಟಳು. ಕಾರು ನಡೆಸುವವಳು ಸೊಸೆ. ನದಿ ನೋಡಿ ಬಹಳ ದಿನ ಆಗಿತ್ತು, ನಾನೂ ಹಿಂದಿನ ಸೀಟಿನಲ್ಲಿ ಹತ್ತಿ ಕೂತೆ, ತೊಡೆಯ ಮೇಲೆ ರೊಟ್ಟಿ ಬುತ್ತಿ ಇಟ್ಟುಕೊಂಡು.

“ಮನ್ಯಾಗ ಉದ್ದನ ಕಂಬ ನೆಟ್ಟು ಕುಂತಾಂವಗೂ, ಗಾಡಿ ಮ್ಯಾಲ ಕಡ್ಡಿಯಷ್ಟು ಆಂಟೆನಾ ಹಚ್ಕೊಂಡು ತಿರಗಾಕಿಗೂ ಒಂದ ಲೆಕ್ಕ ಏನ?” ಎಂದು ಕೇಳಿದೆ.

“ಇಲ್ಲಜ್ಜಿ. ಅವರ ಪಂಕ್ತಿ ಬ್ಯಾರೆ, ಗಾಡಿಯವರ ಪಂಕ್ತಿ ಬ್ಯಾರೆ. ಒಬ್ಬರ ಕೂಡ ಮಾತಾಡಿದ್ರ ಒಂದು ಅಂಕ. ಎಷ್ಟು ತಾಲೂಕಿಗೆ ಹೋಗಿ ಮಾತಾಡ್ತೀವಿ, ಅಷ್ಟರಿಂದ ಅದನ್ನ ಗುಣಸ್ತಾರ. ಆದ್ರ ತಾಲೂಕಿಗೆ ಒಬ್ಬರರೆ ಸಿಗಬೇಕು. ಸಿಗಲಿಲ್ಲಂದ್ರ ಆ ತಾಲೂಕ ನಮಗಿಲ್ಲ.”

“ಮತ್ತ ನಾ ಏನ ಮಾಡ್ಲಿ?”

“ನೀ ಸಾಮಾನು. ಸುಮ್ಮ ಕುಂಡ್ರು. ಅವ್ವ ಗಾಡಿ ಹೊಡೀಬಹುದು, ಅಷ್ಟ. ಕೇಳೂದು, ಹೇಳೂದು, ಬರಿಯೂದು ನಾ ಒಬ್ಬಾಕಿನ. ನಮ್ಮ ಪಂಕ್ತ್ಯಾಗ ಗಾಡಿಗೊಂದ ಕಿವಿ, ಅದ ಕಾಯ್ದೆ.”

ಸೊಸೆ ನಕ್ಕಳು. “ಬಾಯಿಗೂ ಒಂದು ಕಾಯ್ದೆ ಐತೇನು ಕೇಳ್ರಿ ಅತ್ತಿ.”

“ಐತಿ, ನಿನ್ನ ಬಾಯಿಗೆ,” ಎಂದೆ.

ಹಿಂದಿನ ವರ್ಷ ಮುಂಡರಗಿಯಲ್ಲಿ ಒಬ್ಬರೂ ಸಿಗದೆ ಹುಡುಗಿ ಮೊದಲ ಸ್ಥಾನ ಕಳಕೊಂಡಿದ್ದಳು. ಈ ಸಲ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ನಾಲ್ಕೂ ಬೇಕು ಎಂದು ಹಟ ಹಿಡಿದಿದ್ದಳು. ರಾತ್ರಿ ನಿದ್ದೆಯಲ್ಲೂ ಮುಂಡರಗಿ ಎಂದು ಬಡಬಡಿಸಿದ್ದನ್ನು ನಾನೇ ಕೇಳಿದ್ದೇನೆ.

ಗದಗಿನಲ್ಲಿ ಮಂದಿ ಸಿಕ್ಕರು. ಲಕ್ಷ್ಮೇಶ್ವರದಲ್ಲಿ ಇನ್ನೂ ಹೆಚ್ಚು. ಶಿರಹಟ್ಟಿ ದಾಟುವಾಗ ಮಧ್ಯಾಹ್ನ ಬಾಗಿತ್ತು. ಎರಡೂ ಕಡೆ ಎರೆ ಹೊಲ, ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ರೇಡಿಯೊ ಸುಂಯ್ ಅನ್ನುತ್ತಿತ್ತು, ಜೋಳದ ಮೇಲೆ ಗಾಳಿಯೂ ಹಾಗೇ ಅನ್ನುತ್ತಿತ್ತು, ಯಾವುದು ಯಾವುದೆಂದು ಕೆಲಹೊತ್ತಿಗೆ ತಿಳಿಯದಾಯಿತು. ಗುಡ್ಡದ ಮೇಲಿನ ಗಾಳಿಯಂತ್ರಗಳು ನೀರೊಳಗೆ ತಿರುಗಿದ ಹಾಗೆ ತಿರುಗುತ್ತಿದ್ದವು. ನಡುನಡುವೆ ಒಂದೊಂದು ದನಿ ತೇಲಿ ಬರುತ್ತಿತ್ತು, ಮುಖವಿಲ್ಲದ್ದು, ಊರಿಲ್ಲದ್ದು. ಹುಡುಗಿ ಅದನ್ನು ಹಿಡಿದು, ಬರೆದು, ಬಿಡುತ್ತಿದ್ದಳು.

ಮುಂಡರಗಿ ತಾಲೂಕಿನ ಸಿಂಗಟಾಲೂರಿನ ಹೊಳೆದಂಡೆಗೆ ಬಂದಾಗ ಹೊತ್ತು ಇಳಿದಿತ್ತು. ತುಂಗಭದ್ರೆ ತಾಮ್ರದ ತಟ್ಟೆಯಾಗಿತ್ತು. ಕಾರು ನಿಲ್ಲಿಸಿದೆವು. ಹುಡುಗಿ ಕರೆದಳು, ಕರೆದಳು. ಬರೀ ಸುಂಯ್. ಅವಳ ದನಿ ಒಣಗುತ್ತಾ ಹೋಯಿತು. ನಾನು ರೊಟ್ಟಿ ತಿಂದು ಕಿಟಕಿಗೆ ತಲೆ ಆನಿಸಿದ್ದೆ, ಕಣ್ಣು ಹತ್ತಿತು.

ಜೊಂಪಿನಲ್ಲಿ ನಾನು ಮಗ್ಗದ ಕುಣಿಯೊಳಗೆ ಕಾಲು ಬಿಟ್ಟು ಕೂತಿದ್ದೆ. ಲಾಳಿ ಆ ಕಡೆ ಈ ಕಡೆ ಹಾರುತ್ತಿತ್ತು. ಓಣಿ ತುಂಬ ಮಗ್ಗದ ಸದ್ದು ಇರುತ್ತಿತ್ತು ಆಗ, ಆದರೂ ಒಳಗಿನ ತೊಟ್ಟಿಲಲ್ಲಿ ಕೂಸು ಅತ್ತರೆ ನನಗೆ ತಿಳಿಯುತ್ತಿತ್ತು. ನಮ್ಮ ಓಣಿಯ ಹೆಂಗಸರಿಗೆಲ್ಲ ಹಾಗೇ, ಸದ್ದಿನ ಕೆಳಗಿನದನ್ನು ಕೇಳುವ ಕಿವಿ. ಅವತ್ತೂ ಸದ್ದಿನ ಕೆಳಗೆ ಯಾರೋ ಇದ್ದರು. ಕೂಸಲ್ಲ, ಗಂಡಸು. ಆಚೆ ದಂಡೆಯಿಂದ ದೋಣಿ ಕರೆದ ಹಾಗೆ ಕರೆಯುತ್ತಿದ್ದ.

“ಆಲ್ಫಾ ಆಲ್ಫಾ ಅನ್ನಾಕತ್ತಾನ ನೋಡ ಯಾವನೋ,” ಎಂದೆ, ಕಣ್ಣು ಮುಚ್ಚಿಕೊಂಡೇ.

ಹುಡುಗಿ ಗುಂಡಿ ತಿರುಗಿಸಿದಳು, ಉಸಿರು ಹಿಡಿದಳು, ಆ ಅಕ್ಷರ ಕೂಗಿದಳು. ಅವನು ಉತ್ತರ ಕೊಟ್ಟ. ಅಷ್ಟೇ, ಹೊತ್ತು ಮುಳುಗಿತು, ಸ್ಪರ್ಧೆ ಮುಗಿಯಿತು. ಮುಂಡರಗಿ ಸಿಕ್ಕಿತೆಂದು ಸೊಸೆ ಹಾರ್ನ್ ಹೊಡೆದಳು. ಬೆಳ್ಳಕ್ಕಿ ಎದ್ದು ಹಾರಿದವು.

ಮರಳುವ ದಾರಿಯಲ್ಲಿ ಹುಡುಗಿ ತಾನು ಬರೆದ ಪಟ್ಟಿಯನ್ನೇ ಮತ್ತೆ ಮತ್ತೆ ನೋಡುತ್ತಿದ್ದಳು. ಗದಗಿನ ದೀಪ ಕಾಣುವಾಗ ಬಾಯಿ ಬಿಟ್ಟಳು.

“ಅಜ್ಜಿ, ನೀ ಹೇಳೂತನಾ ನನಗ ಅವ ಕೇಳ್ಸಿದ್ದಿಲ್ಲ.”

“ಆಮ್ಯಾಲ ಕೇಳ್ಸಿತಲ್ಲ?”

“ಆಮ್ಯಾಲಿಂದು ಬ್ಯಾರೆ. ಹುಡುಕಿದ್ದು ನಿನ್ನ ಕಿವಿ.”

“ಯಾರ ನೋಡ್ಯಾರಲೇ?” ಎಂದಳು ಸೊಸೆ. “ಗಾಡ್ಯಾಗ ಇದ್ದವ್ರು ಮೂರೂ ಮಂದಿ ಒಂದ ಮನಿಯವ್ರು.”

ನನಗೆ ಸಿಟ್ಟು ಬಂತು. “ಇಷ್ಟ ಚುಚ್ಚತಿದ್ರ ಪಟ್ಟ್ಯಾಗಿಂದ ಅವನ್ನ ಹೊಡದ ಹಾಕಿಬಿಡು. ಅವನ ಕೂಡ ಮಾತಾಡೇ ಇಲ್ಲನ್ನು.”

“ಅದೂ ಬರಂಗಿಲ್ಲ. ಎರಡೂ ಕಡಿ ಬರದದ್ದು ತಾಳೆ ಹಾಕಿ ನೋಡ್ತಾರ. ನನ್ನ ಕಡಿ ಅವ ಇಲ್ಲಂದ್ರ, ಅವ ಸುಳ್ಳ ಬರದಾನಂತ ಅವನ ಅಂಕ ಕಡೀತಾರ. ಅವನೂ ನಮ್ಮಂಗ ಗಾಡಿಯವನ, ಅಜ್ಜಿ. ಯಾವ ಗುಡ್ಡದ ಮ್ಯಾಲ ಒಬ್ಬನ ನಿಂತಿದ್ನೋ.”

 

ಮರುದಿನ ಹುಡುಗಿ ಪಟ್ಟಿಯಲ್ಲಿ ಅವನ ಅಕ್ಷರ ಉಳಿಸಿ, ಅದರ ಮುಂದೊಂದು ಗುರುತು ಹಾಕಿ ಸ್ಪರ್ಧೆಯವರಿಗೆ ಕಳಿಸಿದಳು. ಅವನಿಗೆ ಅಂಕ ಕೊಡಿ, ನನಗೆ ಬೇಡ ಎಂದು ಅದರ ಅರ್ಥವಂತೆ. ಅಂಥದೊಂದು ಗುರುತು ಕಾಯ್ದೆಯಲ್ಲೇ ಇದೆ, ಅಂದರೆ ಇವಳಂಥ ಹುಚ್ಚರು ಬೇರೆ ಕಡೆಯೂ ಇದ್ದಾರೆ. ಮುಂಡರಗಿ ಹೋಯಿತು, ಮೂರೇ ತಾಲೂಕು ಉಳಿದವು, ಮೊದಲ ಸ್ಥಾನ ಮತ್ತೆ ಬೇರೆಯವರಿಗೆ. “ಹುಚ್ಚಿ,” ಎಂದೆ. “ಹೂಂ,” ಎಂದಳು. ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ, ತಿಂದಳು.

ಆಮೇಲೆ ಅವಳು ಹೆಡ್‌ಫೋನ್ ತಂದಳು. ಈಗ ನಡುಕೋಣೆಯಲ್ಲಿ ಸುಂಯ್ ಅನ್ನುವುದೂ ಇಲ್ಲ. ಅವಳ ತುಟಿ ಆಡುತ್ತದೆ, ನಾನು ಗೋಡೆಗೆ ಆತು ಕೂತಿರುತ್ತೇನೆ, ಕಣ್ಣು ಹತ್ತುತ್ತದೆ. ಆಗ ಆಚೆ ದಂಡೆಯ ಆ ಗಂಡಸು ಬರುತ್ತಾನೆ. ಅವನ ಲೆಕ್ಕದಲ್ಲಿ ನಮ್ಮ ಮುಂಡರಗಿ ಭದ್ರವಾಗಿದೆ. ಯಾಕೆ ಉಳಿಯಿತೆಂದು ಅವನಿಗೆ ತಿಳಿಯದು. ಊಟ ಆಯಿತೇ ಎಂದು ಕೇಳಬೇಕೆನ್ನಿಸುತ್ತದೆ, ಕೇಳುವುದಿಲ್ಲ. ಗಾಡಿಗೆ ಒಂದೇ ಕಿವಿ, ನಾನು ಸಾಮಾನು.