ಹಗಲಲ್ಲಿ ನಕ್ಷತ್ರ ಕಂಡವರು

ಯುಂಕೌ ಊರಿನಲ್ಲಿ ವಯಸ್ಸಾದ ಯಾರನ್ನೇ ನಿಲ್ಲಿಸಿ ಕೇಳಿದರೂ, ಜಪಾನಿನವರ ಯುದ್ಧದ ಕಾಲದಲ್ಲಿ ಗ್ರಹಣ ಹಿಡಿದಾಗ ನಡುಹಗಲಲ್ಲೇ ನಕ್ಷತ್ರ ನೋಡಿದೆ ಎನ್ನುತ್ತಿದ್ದರು. ಕೋಳಿಗಳು ಗೂಡು ಸೇರಿದವಂತೆ, ಎಮ್ಮೆಗಳು ತಾವಾಗಿಯೇ ಕೊಟ್ಟಿಗೆಗೆ ಬಂದವಂತೆ, ಕೈ ಚಾಚಿದರೆ ಬೆರಳು ಕಾಣುತ್ತಿರಲಿಲ್ಲವಂತೆ. ಇದನ್ನು ಕೇಳೀ ಕೇಳೀ ಝಾನ್ ಜಿನ್‌ಮೇಗೆ ತಲೆ ಚಿಟ್ಟು ಹಿಡಿದಿತ್ತು. ಯಾಕೆಂದರೆ ಅವತ್ತು ಯುಂಕೌನಲ್ಲಿ ಅಷ್ಟು ಕತ್ತಲಾಗಿರಲು ಸಾಧ್ಯವೇ ಇರಲಿಲ್ಲ.

ಈ ತಲೆನೋವನ್ನು ಅವಳೇನು ಬೇಡಿ ತಂದುಕೊಂಡದ್ದಲ್ಲ. ಅವಳ ಅಪ್ಪನಿಗೆ ಗಿಡಮೂಲಿಕೆ ಅಂಗಡಿಯಿತ್ತು. ಗೋಡೆ ತುಂಬಾ ಎಳೆದು ತೆರೆಯುವ ಸಣ್ಣ ಸಣ್ಣ ಖಾನೆ. ಒಂದೊಂದರ ಮೇಲೂ ಹಳೇ ಶೈಲಿಯ ಅಕ್ಷರದಲ್ಲಿ ಬೇರಿನ ಹೆಸರು, ತೊಗಟೆಯ ಹೆಸರು. ಶಾಲೆಗೆ ಹೋಗುವ ಮೊದಲೇ ಜಿನ್‌ಮೇ ಅವನ್ನೆಲ್ಲ ಓದುತ್ತಿದ್ದಳು. ಆ ಅಂಗಡಿ ಹೋಯಿತು, ಅಪ್ಪನೂ ಹೋದ. ಗಂಡನಿಗೆ ಮರ ಕಡಿಯುವ ಕ್ಯಾಂಪಿನಲ್ಲಿ ಕೆಲಸ, ಮನೆಗೆ ಬಂದರೆ ಬಂದ ಇಲ್ಲದಿದ್ದರೆ ಇಲ್ಲ. ಅವಳಿಗೆ ತಾಲೂಕಿನ ಸಾಂಸ್ಕೃತಿಕ ಭವನದಲ್ಲಿ ನೌಕರಿ ಸಿಕ್ಕಿತು: ಸಿನಿಮಾ ಟಿಕೆಟ್ ಹರಿಯುವುದು, ಗೋಡೆಬರಹ ಬರೆಯುವುದು, ಪಿಂಗ್‌ಪಾಂಗ್ ಬ್ಯಾಟು ಎಣಿಸಿಡುವುದು. ಪಿಂಗ್‌ಪಾಂಗ್ ಮೇಜಿನ ಕೆಳಗೆ, ಹಳೆಯದನ್ನೆಲ್ಲ ಸುಟ್ಟು ಓದಿದವರನ್ನು ಹಳ್ಳಿಗೆ ಅಟ್ಟಿದ ಗಲಾಟೆಯ ವರ್ಷಗಳಲ್ಲಿ ಬೆಂಕಿಗೆ ಬೀಳದೆ ಉಳಿದ ನಾಲ್ಕಾರು ಹಳೇ ಪುಸ್ತಕಗಳಿದ್ದವು. ಅವನ್ನು ಓದಬಲ್ಲವಳು ಇವಳೊಬ್ಬಳೇ. ಹಾಗಾಗಿ ಖಗೋಳ ವೀಕ್ಷಣಾಲಯದಿಂದ ಟೊಂಗ್ ಎಂಬ ಮನುಷ್ಯ ಧೂಳು ತುಂಬಿದ ಬಸ್ಸಿನಿಂದ ಇಳಿದು ಬಂದಾಗ, ಭವನದ ಮುಖ್ಯಸ್ಥ ಫು ಬೆರಳು ಮಾಡಿ ತೋರಿಸಿದ್ದು ಅವಳನ್ನೇ.

ಟೊಂಗ್ ಐವತ್ತರ ಆಸುಪಾಸಿನವ. ಹಳ್ಳಿಯಲ್ಲಿ ಹಂದಿ ಮೇಯಿಸುವ ಶಿಕ್ಷೆ ಮುಗಿಸಿ ಈಚೆಗಷ್ಟೇ ಕೆಲಸಕ್ಕೆ ಮರಳಿದ್ದ. ದೇಶದ ಮೂಲೆಮೂಲೆಯ ತಾಲೂಕು ಚರಿತ್ರೆಗಳಿಂದ ಗ್ರಹಣದ ಸಾಲುಗಳನ್ನು ಹೆಕ್ಕುವ ಕೆಲಸ ನಡೆದಿತ್ತು. ಯುಂಕೌ ಚರಿತ್ರೆಯಲ್ಲಿ ಮಿಂಗ್ ಅರಸರ ಕಾಲದ, ನಾನೂರು ವರ್ಷ ಹಳೆಯ ಒಂದು ಸಾಲಿತ್ತು: ಸೂರ್ಯ ಪೂರ್ತಿ ಅಳಿದ, ನಕ್ಷತ್ರಗಳೆಲ್ಲ ಕಂಡವು, ಹಕ್ಕಿಗಳು ಗೂಡಿಗೆ ಮರಳಿದವು.

"ಇದು ಈ ಊರಲ್ಲೇ ನೋಡಿ ಬರೆದದ್ದಾ, ಬೇರೆಲ್ಲೋ ಕೇಳಿ ಬರೆದದ್ದಾ? ನನಗೆ ಅದು ಗೊತ್ತಾಗಬೇಕು" ಎಂದ ಟೊಂಗ್.

"ಇಲ್ಲೇ! ಇನ್ನೆಲ್ಲಿ? ಚರಿತ್ರೆ ನಮ್ಮದು, ಸೂರ್ಯನೂ ನಮ್ಮವನೇ" ಎಂದ ಫು.

ಟೊಂಗ್ ಬೇಸರಿಸದೆ ವಿವರಿಸಿದ. ಭೂಮಿ ತಿರುಗುವುದು ಕಾಲದಿಂದ ಕಾಲಕ್ಕೆ ಒಂದಿಷ್ಟು ನಿಧಾನವಾಗುತ್ತಿದೆ. ಅದು ಎಂದೂ ಇವತ್ತಿನ ವೇಗದಲ್ಲೇ ತಿರುಗಿದ್ದರೆ, ಮಿಂಗ್ ಕಾಲದ ಆ ಗ್ರಹಣದ ನೆರಳು ಬಿದ್ದ ಜಾಗವೇ ಬೇರೆಯಾಗುತ್ತಿತ್ತು, ಎರಡು ಹಗಲು ನಡೆಯುವಷ್ಟು ದೂರಕ್ಕೆ. ಪೂರ್ತಿ ಕತ್ತಲಾದದ್ದು ನಿಖರವಾಗಿ ಯಾವ ಊರಿನಲ್ಲಿ ಎಂದು ತಿಳಿದರೆ, ಭೂಮಿ ಎಷ್ಟು ಹಿಂದೆ ಬಿದ್ದಿದೆ ಎಂದು ಲೆಕ್ಕ ಹಾಕಬಹುದು. ಊರು ತಪ್ಪಿದರೆ ಲೆಕ್ಕವೂ ತಪ್ಪಿತು.

"ಭೂಮಿ ನಿಧಾನ ಆಗ್ತಿದ್ಯಾ? ಒಳ್ಳೇದೇ ಆಯ್ತು ಬಿಡಿ, ಉತ್ಪಾದನೆ ಗುರಿ ಮುಟ್ಟೋಕೆ ಇನ್ನೊಂಚೂರು ಹೊತ್ತು ಸಿಗುತ್ತೆ" ಎಂದು ಫು ತನ್ನ ಮಾತಿಗೆ ತಾನೇ ನಕ್ಕ.

ಟೊಂಗ್ ಜಿನ್‌ಮೇ ಕಡೆ ತಿರುಗಿದ. "ಮಿಂಗ್ ಕಾಲದವರನ್ನ ಕೇಳೋಕಾಗಲ್ಲ. ಆದ್ರೆ ಯುದ್ಧದ ಕಾಲದ ಗ್ರಹಣ ನೋಡಿದವರು ನಿಮ್ಮೂರಲ್ಲಿ ಇನ್ನೂ ಇದಾರಲ್ಲ? ಆ ನೆರಳಿನ ಅಂಚು ಇಲ್ಲಿಂದ ಮೂವತ್ತು ಲೀ, ಅಂದ್ರೆ ಹದಿನೈದು ಕಿಲೋಮೀಟರ್, ಉತ್ತರಕ್ಕೆ ಹಾದುಹೋಯ್ತು. ನಮಗದು ಚೆನ್ನಾಗಿ ಗೊತ್ತು. ಇಲ್ಲಿ ಸೂರ್ಯನ ಒಂದು ಸಣ್ಣ ಎಳೆ ಉಳಿದೇ ಇತ್ತು. ಏನು ಕಂಡ್ರಿ ಅಂತ ಅವರನ್ನ ಕೇಳಿ ನೋಡಿ. ಜನ ಎಷ್ಟರಮಟ್ಟಿಗೆ ಸರಿಯಾಗಿ ಹೇಳ್ತಾರೋ ನೋಡೋಣ."

ಅಷ್ಟು ಹೇಳಿ ಅವನು ಪಕ್ಕದ ತಾಲೂಕಿಗೆ ಹೊರಟುಹೋದ. ಸಿಕ್ಕಿಕೊಂಡವಳು ಜಿನ್‌ಮೇ.

ಮೊದಲು ತೋಫು ಮಾರುವ ಗಾನ್ ಅಜ್ಜನನ್ನು ಹಿಡಿದಳು. "ನಕ್ಷತ್ರಾನಾ? ಎಳ್ಳು ಚೆಲ್ಲಿದ ಹಾಗೆ!" ಎಂದ ಅಜ್ಜ.

"ನೀವು ಆಗ ಎಲ್ಲಿದ್ರಿ ಅಜ್ಜ?"

"ಎಲ್ಲಿರ್ತೀನಿ? ಗುಡಿ ಹಿಂದಿನ ಗವಿಯಲ್ಲಿ. ಜಾಗಟೆ ಬಡಿದ್ರಲ್ಲ, ಜಪಾನಿನವರ ವಿಮಾನ ಬಂತು ಅಂತ ಎಲ್ರೂ ಓಡಿದ್ವಿ. ಆಮೇಲೆ ಗೊತ್ತಾಯ್ತು, ಬಡಿದದ್ದು ಸೂರ್ಯನ್ನ ನುಂಗೋ ನಾಯಿ ಓಡ್ಸೋಕೆ ಅಂತ."

"ಗವಿ ಒಳಗಿದ್ದವರಿಗೆ ನಕ್ಷತ್ರ ಹೇಗೆ ಕಾಣಿಸ್ತು?"

ಅಜ್ಜ ತೋಫುವಿನ ಮೇಲೆ ಒದ್ದೆ ಬಟ್ಟೆ ಹೊದಿಸಿದ. "ಊರಿಗೆಲ್ಲ ಕಂಡದ್ದು ನನಗೆ ಕಾಣಲ್ವಾ? ತಗೊಳ್ಳೋದಾದ್ರೆ ತಗೋ, ಇಲ್ಲಾಂದ್ರೆ ದಾರಿ ಬಿಡು."

ಕ್ಷೌರದವನೂ ಗವಿಯಲ್ಲೇ ಇದ್ದ. ನೇಯ್ಗೆಯ ಅಕ್ಕನೂ ಅಲ್ಲೇ ಇದ್ದಳು. ಇಬ್ಬರಿಗೂ ನಕ್ಷತ್ರ ಕಂಡಿತ್ತು. ದೋಣಿ ಕಟ್ಟೆಯ ಮುದುಕಿಯೊಬ್ಬಳು ಮಾತ್ರ, "ಒಂದೇ ಒಂದು ಚುಕ್ಕಿ ಕಂಡ ಹಾಗಿತ್ತು, ಸೂರ್ಯನ ಎಡಗಡೆ. ಬೆಳಕು ತೊಳೆದ ಅಕ್ಕಿನೀರಿನ ಹಾಗೆ ಮಬ್ಬಾಯ್ತು, ಅಷ್ಟೇ" ಎಂದಳು. ಅದು ಶುಕ್ರನಿರಬಹುದು ಎಂದು ಜಿನ್‌ಮೇಗೆ ಖುಷಿಯಾಯಿತು. ಅಷ್ಟರಲ್ಲಿ ಮುದುಕಿಯ ಸೊಸೆ ಒಳಗಿನಿಂದ ಕೂಗಿದಳು: "ಅತ್ತೆ, ಎಲ್ರೂ ಎಲ್ಲಾ ನಕ್ಷತ್ರ ಅಂತಾರೆ, ನೀವೊಬ್ರೇ ಯಾಕೆ ಜಿಪುಣತನ ಮಾಡ್ತೀರಿ?" ಮುದುಕಿ ಕೂಡಲೇ, "ಹೌದಪ್ಪ, ಎಲ್ಲಾ ಕಂಡ್ವು" ಎಂದು ಬದಲಿಸಿದಳು.

ಮುಖ್ಯಸ್ಥ ಫು ಕೂಡ ಆಗ ಎಂಟೊಂಬತ್ತು ವರ್ಷದವನು. ಸಪ್ತರ್ಷಿ ಮಂಡಲವನ್ನೇ ಕಂಡೆ ಎಂದು ಕೊಚ್ಚಿಕೊಳ್ಳುತ್ತಿದ್ದ. ಅವನ ಅಕ್ಕನನ್ನು ಬಟ್ಟೆ ಒಗೆಯುವ ಮೆಟ್ಟಿಲಲ್ಲಿ ಕೇಳಿದಾಗ ಅವಳು ನಗಲು ಶುರುವಿಟ್ಟವಳು ನಿಲ್ಲಿಸಲೇ ಇಲ್ಲ. "ಅವನಾ? ತೌಡಿನ ಬುಟ್ಟಿಯೊಳಗೆ ತಲೆ ತೂರ್ಸಿ ಕೂತಿದ್ದ. ಕಾಲು ಹಿಡ್ಕೊಂಡು ಎಳೆದ್ರೂ ಬರ್ಲಿಲ್ಲ."

ಇಷ್ಟೆಲ್ಲ ಕೇಳಿಕೊಂಡು ಜಿನ್‌ಮೇ ಮನೆಗೆ ಬಂದರೆ ಅಮ್ಮ ಜಗಲಿಯಲ್ಲಿ ತಾವರೆಬೀಜ ಸುಲಿಯುತ್ತಿದ್ದಳು. ಅಮ್ಮನ ಮಾತೇ ಜಿನ್‌ಮೇಯನ್ನು ಎಲ್ಲಕ್ಕಿಂತ ಹೆಚ್ಚು ರೇಗಿಸುತ್ತಿದ್ದದ್ದು. ಚಿಕ್ಕಂದಿನಿಂದ ಪ್ರತಿ ಹೊಸವರ್ಷಕ್ಕೂ ಅದೇ ಕತೆ: ಇದೇ ಅಂಗಳ, ಬೆನ್ನ ಮೇಲೆ ಜಿನ್‌ಮೇ, ತಲೆಯ ಮೇಲೆ ಕಪ್ಪು ಸೂರ್ಯ, ಅವನ ಸುತ್ತಲೂ ಮುತ್ತಿನಂಥ ಬಿಳಿ ಕೂದಲು, ನಕ್ಷತ್ರ. ಉಳಿದವರ ಕತೆಗಳಲ್ಲಿ ಕೋಳಿ, ಎಮ್ಮೆ ಇರುತ್ತಿದ್ದವೇ ಹೊರತು ಆ ಬಿಳಿ ಕೂದಲು ಇರುತ್ತಿರಲಿಲ್ಲ.

"ಅಮ್ಮ, ಈ ಅಂಗಳದಲ್ಲಿ ಅದು ಕಾಣೋಕೆ ಸಾಧ್ಯಾನೇ ಇಲ್ಲ" ಎಂದಳು ಚಪ್ಪಲಿ ಬಿಡುತ್ತಲೇ.

"ನಾನು ಕಂಡೆ."

"ಗವಿಯಲ್ಲಿದ್ಯೇನೋ. ಊರೆಲ್ಲ ಅಲ್ಲೇ ಇತ್ತಂತೆ."

"ಗವಿಗೆ ಹೋಗಿಲ್ಲ ನಾನು."

"ಹಾಗಾದ್ರೆ ಸುಳ್ಳು. ನೆರಳು ಇಲ್ಲಿಗೆ ಬಂದೇ ಇಲ್ಲ. ವಿಜ್ಞಾನಿಗಳು ಲೆಕ್ಕ ಹಾಕಿ ಹೇಳಿದಾರೆ. ನೀನೂ ತೌಡಿನ ಬುಟ್ಟಿಗೆ ತಲೆ ತೂರ್ಸಿದ್ದ ಆ ಫುನ ಹಾಗೆ..."

ಅಮ್ಮ ಬೀಜದ ಮೊರವನ್ನು ನೆಲಕ್ಕೆ ಕುಕ್ಕಿದಳು. "ನನ್ನನ್ನ ಆ ತೌಡು ಬುಟ್ಟಿಯವನಿಗೆ ಹೋಲಿಸ್ಬೇಡ! ಕಂಡೆ ಅಂದ್ರೆ ಕಂಡೆ. ಇಲ್ಲಿ ಕಂಡಿಲ್ಲ, ಅಷ್ಟೇ. ಹೋಲಿಂಗ್ ಕಣಿವೆ ಮೇಲೆ ಕಂಡೆ. ಸಾಕಾ? ಈಗ ಬರ್ಕೋ ಹೋಗು!"

ಹೋಲಿಂಗ್ ಕಣಿವೆ ಉತ್ತರಕ್ಕೆ ನಲವತ್ತು ಲೀ. ನೆರಳಿನ ಒಳಗೆ.

"ಅಲ್ಲಿ ನಿನಗೇನು ಕೆಲಸ ಇತ್ತು?" ಎಂದಳು ಜಿನ್‌ಮೇ, ನಿಂತಲ್ಲೇ.

ಅಮ್ಮ ಚೆಲ್ಲಿದ ಬೀಜಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು. ಹೆಕ್ಕುತ್ತಾ, ಮುಖ ಎತ್ತದೆ ಹೇಳಿದಳು. ಆ ವರ್ಷ ಜಿನ್‌ಮೇಯ ಅಪ್ಪನನ್ನು ಸೈನ್ಯದವರು ಹೊರೆ ಹೊರಲು ಹಿಡಿದುಕೊಂಡು ಹೋಗಿದ್ದರು. ಮನೆಯಲ್ಲಿ ಅತ್ತೆಯದೇ ರಾಜ್ಯ. ಹೆಣ್ಣುಮಗುವಿಗೆ ಅನ್ನ ದಂಡ ಎಂದು ಅತ್ತೆ, ದೋಣಿ ಕಟ್ಟೆಯ ಒಂದು ಮನೆಗೆ ಜಿನ್‌ಮೇಯನ್ನು ಮುಂದೆ ಸೊಸೆಯಾಗಲೆಂದು ಈಗಲೇ ಕೊಟ್ಟುಬಿಡುವುದಾಗಿ ಮಾತು ಕೊಟ್ಟಿದ್ದಳು. ಅವರು ಬಂದು ಕರೆದೊಯ್ಯಬೇಕಿದ್ದ ದಿನ ಕೋಳಿ ಕೂಗುವ ಮೊದಲೇ ಅಮ್ಮ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ತವರು ಶಿಬೇಗೆ ಹೊರಟಳು. ಕಣಿವೆಯ ದಾರಿ ಹತ್ತಿ ಗುಡ್ಡದ ನೆತ್ತಿಯಲ್ಲಿ ನಿಂತಾಗ ಸೂರ್ಯ ಆರಿಹೋದ.

"ಬೆನ್ನ ಮೇಲೆ ನೀನು ಅಳ್ತಾ ಇದ್ದವಳು ಸುಮ್ಮನಾದೆ. ಹಕ್ಕಿ ಕೂಡ ಉಸಿರೆತ್ತಲಿಲ್ಲ. ಗಂಡನ ಮನೆ ಬಿಟ್ಟು ಓಡಿದ್ದಕ್ಕೆ ಆಕಾಶ ಮುಖ ತಿರುಗಿಸ್ತು ಅನ್ಕೊಂಡೆ. ನೆಲಕ್ಕೆ ತಲೆ ಹಚ್ಚಿ ಬೇಡ್ಕೊಂಡೆ, ವಾಪಸ್ ಹೋಗ್ತೀನಿ ಅಂತ. ಬೆಳಕು ಬಂತು. ವಾಪಸ್ ಬಂದೆ. ವಿಮಾನಕ್ಕೆ ಹೆದರಿ ಹೊಲದಲ್ಲಿ ಅಡಗಿದ್ದೆ ಅಂತ ನಿನ್ನ ಅಜ್ಜಿಗೆ ಹೇಳಿದೆ. ಆಮೇಲೆ ಎಲ್ಲಿ ಕಂಡೆ ಅಂತ ಕೇಳಿದವರಿಗೆಲ್ಲ ಅಂಗಳ ಅಂದೆ. ಮತ್ತೇನು ಹೇಳ್ಲಿ?"

"ಮತ್ತೆ ನಾನು? ದೋಣಿ ಮನೆಯವರು?"

"ಅವರೇ ಬೇಡ ಅಂದ್ರು. ಸೂರ್ಯ ಸತ್ತ ದಿನ ಮನೆಗೆ ಬರೋ ಸೊಸೆ ನಮಗೆ ಬೇಡ ಅಂದ್ರು."

ಜಿನ್‌ಮೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಮೂವತ್ತೆಂಟು ವರ್ಷದ ಹೆಂಗಸು, ಎರಡು ಮಕ್ಕಳ ತಾಯಿ. ತನ್ನನ್ನು ಕೊಟ್ಟುಬಿಡಲು ಹೊರಟಿದ್ದರೆಂಬುದನ್ನು ಮೊದಲ ಸಲ ಕೇಳುತ್ತಿದ್ದಳು, ಅದೂ ಭೂಮಿಯ ಲೆಕ್ಕಕ್ಕಾಗಿ ಜಗಳ ತೆಗೆದು. ಆಮೇಲೆ ಅವಳೂ ಬೀಜ ಹೆಕ್ಕಿದಳು.

ಟೊಂಗ್ ವಾರ ಕಳೆದು ಮರಳಿದಾಗ ಜಿನ್‌ಮೇ ಅವನನ್ನು ಊಟಕ್ಕೆ ಕರೆದಳು. ಕಣಿವೆಯ ಮಾತು ಕೇಳಿ ಅವನು ಚಾಪ್‌ಸ್ಟಿಕ್ ಕೆಳಗಿಟ್ಟ. "ಬಿಳಿ ಕೂದಲಿನ ಹಾಗೆ ಅಂದ್ರಾ? ಅದು ಸೂರ್ಯನ ಹೊರಗಿನ ಪ್ರಭೆ, ಪೂರ್ತಿ ಕತ್ತಲಾದಲ್ಲಿ ಮಾತ್ರ ಕಾಣೋದು. ನೀವು ನೋಡಿದ್ದು ನಿಜ, ಅಮ್ಮಾ."

ಅಮ್ಮ ಅವನ ಬಟ್ಟಲಿಗೆ ಉಪ್ಪಿನಲ್ಲಿಟ್ಟ ಸೊಪ್ಪು ಬಡಿಸಿದಳು. "ಒಂದು ಮಾತು ಹೇಳಿ ಮೇಷ್ಟ್ರೇ. ಆ ಕತ್ತಲೆ ಬಂದದ್ದು ನನಗೋಸ್ಕರಾನಾ?"

ಟೊಂಗ್ ತಬ್ಬಿಬ್ಬಾದ. "ಇಲ್ಲಮ್ಮ, ಯಾರಿಗೋಸ್ಕರಾನೂ ಅಲ್ಲ. ಚಂದ್ರ ಅಡ್ಡ ಬಂದ, ನೆರಳು ಬಿತ್ತು. ನೀವು ಮನೆಯಲ್ಲೇ ಇದ್ದಿದ್ರೂ ಅದು ಕಣಿವೆ ಮೇಲೆ ಹೋಗ್ತಾನೇ ಇತ್ತು."

"ನಾನು ಶಿಬೇಗೆ ಹೋಗಿಬಿಟ್ಟಿದ್ರೆ?"

"ಆಗಲೂ ಬೆಳಕು ಬರ್ತಿತ್ತು. ಎರಡು ಮೂರು ನಿಮಿಷದ ಮಾತು."

ಅಮ್ಮ ಸೌಟನ್ನು ಪಾತ್ರೆಗೆ ಎಸೆದಳು. "ಎರಡು ಮೂರು ನಿಮಿಷ! ಅಷ್ಟಕ್ಕೆ ಹೆದರಿ ವಾಪಸ್ ಬಂದು ಹದಿನೇಳು ವರ್ಷ ಆ ಮುದುಕಿಯ ಕಾಲು ತೊಳೆದೆನಲ್ಲ! ಸಾಯೋ ದಿನವೂ ನೀರು ಬಿಸಿ ಇಲ್ಲ ಅಂದ್ಲು! ಇದನ್ನ ಆಗಲೇ ಬಂದು ಹೇಳೋಕೆ ನಿಮಗೇನಾಗಿತ್ತು?"

"ಆಗ ನಾನು ಹೈಸ್ಕೂಲಿನಲ್ಲಿದ್ದೆ ಅಮ್ಮಾ" ಎಂದ ಟೊಂಗ್, ತಪ್ಪು ತನ್ನದೇ ಎಂಬಂತೆ.

ಹೊರಡುವಾಗ ಅವನು ಇನ್ನೊಂದು ಮಾತು ಹೇಳಿದ. ಅಮ್ಮನ ಸಾಕ್ಷ್ಯ ಎಷ್ಟು ನಿಜವಾದರೂ ಭೂಮಿಯ ಲೆಕ್ಕಕ್ಕೆ ಬೇಕಾಗಿಲ್ಲ; ಯುದ್ಧದ ಕಾಲದಲ್ಲಿ ಭೂಮಿಯ ವೇಗ ಅಳೆಯಲು ಒಳ್ಳೆಯ ಗಡಿಯಾರಗಳೇ ಇದ್ದವು. ಬೇಕಾದದ್ದು ಮಿಂಗ್ ಕಾಲದ ಸಾಲು. ಇಷ್ಟು ಅಲೆಸಿ, ಮನೆಯಲ್ಲಿ ಬೆಂಕಿ ಹೊತ್ತಿಸಿ, ಕೊನೆಗೆ ಬೇಕಾಗಿಲ್ಲ ಎನ್ನುತ್ತಾನಲ್ಲ ಎಂದು ಜಿನ್‌ಮೇಗೆ ಅವನ ಕನ್ನಡಕ ಕಿತ್ತು ನದಿಗೆ ಎಸೆಯುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ. ಬಸ್ಸಿನವರೆಗೆ ಕಳಿಸಿ ಬಂದಳು.

ಮಿಂಗ್ ಕಾಲದ ಸಾಲಿನ ಬಗ್ಗೆ ಅವಳೇ ಒಂದು ತೀರ್ಮಾನಕ್ಕೆ ಬರಬೇಕಿತ್ತು. ಚರಿತ್ರೆ ಬರೆದವನ ಬಗ್ಗೆ ಪುಸ್ತಕದಲ್ಲಿ ಹೆಸರು ಬಿಟ್ಟರೆ ಏನೂ ಇರಲಿಲ್ಲ. ಅವನೂ ಯಾವುದೋ ಗವಿಯಲ್ಲಿದ್ದನೇ, ಯಾರದೋ ಅಮ್ಮ ಹೇಳಿದ್ದನ್ನು ಬರೆದನೇ, ಯಾವ ಕಣಿವೆಯನ್ನು ಅಂಗಳ ಎಂದನೇ, ಯಾರಿಗೆ ಗೊತ್ತು? ವೀಕ್ಷಣಾಲಯಕ್ಕೆ ಕಳಿಸುವ ವರದಿಯಲ್ಲಿ ಅವಳು ಬರೆದಳು: "ಕಂಡದ್ದು ನಿಜವಿರಬಹುದು. ಎಲ್ಲಿ ಕಂಡದ್ದು ಎಂದು ಹೇಳಲಾಗದು."

ಫು ಅದನ್ನು ನೋಡಿ ಕೆಂಡವಾದ. "ಊರಿಗೆ ಇರೋದೇ ಒಂದು ಗ್ರಹಣ! ಅದನ್ನೂ ಬಿಟ್ಟುಕೊಟ್ಟೆಯಲ್ಲ! 'ಯುಂಕೌನಲ್ಲೇ' ಅಂತ ತಿದ್ದು."

"ತಿದ್ದಲ್ಲ."

"ನಾಲ್ಕು ಅಕ್ಷರ ಬರೆದ್ರೆ ನಿನ್ನ ಕೈ ಸವೆದುಹೋಗುತ್ತಾ?"

"ನೀವೇ ಬರೆದು ರುಜು ಹಾಕಿ, ಫು ಅವರೇ. ತೌಡಿನ ಬುಟ್ಟಿಯೊಳಗಿಂದ ಕಂಡಿದ್ದು ಅಂತ್ಲೂ ಸೇರಿಸಿ."

ಫು ಅಕ್ಕನ ಹೆಸರು ಹಿಡಿದು ಬೈಯುತ್ತಾ ಹೊರಟುಹೋದ. ಒಂದು ವರ್ಷ ಅವಳಿಗೆ ಸಿನಿಮಾ ಟಿಕೆಟ್ ಹರಿಯುವ ಕೆಲಸ ಬಿಟ್ಟು ಬೇರೇನೂ ಕೊಡಲಿಲ್ಲ. ವರದಿ ಮಾತ್ರ ಅವಳು ಬರೆದಂತೆಯೇ ಹೋಯಿತು. ಎಷ್ಟೋ ವರ್ಷದ ಮೇಲೆ ಹೆಕ್ಕಿದ ಗ್ರಹಣದ ಸಾಲುಗಳೆಲ್ಲ ದಪ್ಪ ಪುಸ್ತಕವಾಗಿ ಅಚ್ಚಾಗಿ ಬಂದಾಗ ಯುಂಕೌ ಸಾಲು ಅದರಲ್ಲಿತ್ತು, ಅವಳ ಟಿಪ್ಪಣಿ ಇರಲಿಲ್ಲ. ಜಾಗ ಸಾಲಲಿಲ್ಲವಂತೆ. ಗೋಡೆಬರಹದ ಕುಂಚವನ್ನು ಬಕೆಟ್ಟಿಗೆ ಎಸೆದು ಅವಳು ಅವತ್ತು ಬೇಗ ಮನೆಗೆ ಹೋದಳು.

ಆದರೆ ಅದೆಲ್ಲ ಆಮೇಲಿನದು. ಟೊಂಗ್ ಹೋದ ಮೂರನೇ ದಿನ ಅಮ್ಮ ಒಂದು ಬಟ್ಟೆಗಂಟು ಹಿಡಿದು ಬಸ್ ನಿಲ್ದಾಣದತ್ತ ನಡೆದಳು.

"ಎಲ್ಲಿಗೆ?" ಎಂದು ಜಿನ್‌ಮೇ ಹಿಂದೆ ಓಡಿದಳು.

"ಶಿಬೇಗೆ."

"ಹೊಸವರ್ಷಕ್ಕೆ ಹೋಗಿ ಬಂದ್ಯಲ್ಲ?"

"ಅದು ಹಬ್ಬಕ್ಕೆ. ಇದು ನನಗೆ."

ವಾರ ಆಯಿತು, ತಿಂಗಳಾಯಿತು, ಅಮ್ಮ ಬರಲಿಲ್ಲ. ಮಕ್ಕಳು ಮನೆಯಲ್ಲಿ ಹಸಿದು ಕೂರುತ್ತಿದ್ದರು, ಕೋಳಿಗಳು ಅಡುಗೆಮನೆ ಸೇರಿದ್ದವು, ತಾವರೆಬೀಜಕ್ಕೆ ಹುಳ ಬಿದ್ದಿತ್ತು. ಕೊನೆಗೆ ರಜೆ ಹಾಕಿ ಜಿನ್‌ಮೇ ತಾನೇ ಶಿಬೇಗೆ ಹೋದಳು. ಅಮ್ಮ ಜಿನ್‌ಮೇಯ ಕಿವುಡ ಸೋದರಮಾವನ ಅಂಗಳದಲ್ಲಿ ಕುಳಿತು ಎಳೆ ಬಿದಿರಿನ ಕಳಲೆ ಸುಲಿಯುತ್ತಾ, ಅವನ ಕಿವಿಗೆ ಏನೋ ಕೂಗಿ ಹೇಳಿ ನಗುತ್ತಿದ್ದಳು. ಅವಳು ಹಾಗೆ ಬಾಯ್ತುಂಬಾ ನಕ್ಕದ್ದನ್ನು ಜಿನ್‌ಮೇ ಯುಂಕೌನಲ್ಲಿ ನೋಡಿರಲಿಲ್ಲ.

"ಅಮ್ಮ, ಹೊರಡು. ಮನೆ ಮನೆಯಾಗಿಲ್ಲ."

"ಕಳಲೆ ಕಾಲ ಮುಗೀಲಿ."

"ಇನ್ನೂ ಒಂದು ತಿಂಗಳಿದೆ!"

"ಗೊತ್ತು" ಎಂದಳು ಅಮ್ಮ, ಒಂದು ದೊಡ್ಡ ಬುಟ್ಟಿ ಕಳಲೆ ಅವಳತ್ತ ನೂಕುತ್ತಾ. "ಸಂಜೆ ಬಸ್ಸಿಗೆ ಇದನ್ನ ತಗೊಂಡು ಹೋಗು. ಇವತ್ತೇ ಬೇಯಿಸ್ಬೇಕು, ಇಲ್ಲಾಂದ್ರೆ ಕಹಿಯಾಗುತ್ತೆ."