ಹನ್ನೊಂದನೆಯ ಟೇಕ್

ನಮ್ಮ ಸಿನಿಮಾ ಕಂಪನಿಗೆ ಮೂವರೇ ಪಾಲುದಾರರು. ಹಾವೇರಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಮಾಸ್ತರರು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದ ಸಾಹುಕಾರರು, ಮತ್ತು ನಾನು. ರಾಣೆಬೆನ್ನೂರಿನಲ್ಲಿ ನನ್ನ ಗಂಡನ ಫೋಟೊ ಸ್ಟುಡಿಯೊ ಇದೆ. ಅವರು ಮದುವೆಗಳನ್ನು ಶೂಟ್ ಮಾಡಿ ತಂದರೆ ನಾನು ಮಹಡಿಯ ಕೋಣೆಯಲ್ಲಿ ಕುಳಿತು ಎಡಿಟ್ ಮಾಡುತ್ತಿದ್ದೆ.

ಮಾಸ್ತರರು ಮೊದಲ ಸಲ ಬಂದದ್ದು ತಮ್ಮ ಶಾಲೆಯ ನಾಟಕದ ರೆಕಾರ್ಡಿಂಗ್ ಹಿಡಿದುಕೊಂಡು. ಎರಡು ತಾಸಿನ ನಾಟಕವನ್ನು ನಾನು ಇಪ್ಪತ್ತು ನಿಮಿಷಕ್ಕೆ ಇಳಿಸಿದೆ. ಅವರು ಬೆನ್ನ ಹಿಂದೆ ಕುಳಿತು ಪೂರ್ತಿ ನೋಡಿದರು.

"ಅಕ್ಕಾರ, ಆ ಹುಡುಗಿ ಮಾತು ಮರತದ್ದನ್ನ ಯಾಕ ಇಟ್ಟೀರಿ?"

"ಮಾತು ಮರತಾಗ ಆಕಿ ಮುಖ ಖರೇ ಆಗೇತ್ರಿ ಸರ್."

 ಎಂಟು ದಿನ ಬಿಟ್ಟು ಮಾಸ್ತರರು ಒಂದು ಕಥೆ ಬರೆದುಕೊಂಡು ಬಂದರು. ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ಹೊರುವ ಹಮಾಲನೊಬ್ಬನ ಒಂದು ದಿನದ ಕಥೆ. ಮಾಸ್ತರರ ಹಳೆಯ ಪರಿಚಯದ ಸಾಹುಕಾರರು ತಮ್ಮ ಕೋಲ್ಡ್ ಸ್ಟೋರೇಜನ್ನು ನಾಲ್ಕು ದಿನ ಬಿಟ್ಟುಕೊಟ್ಟರು. ಸ್ವೆಟರ್ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು ನಾಲ್ಕೂ ದಿನ ನಿಂತು ನೋಡಿದರು. ಆ ಕಿರುಚಿತ್ರಕ್ಕೆ ಹೊರರಾಜ್ಯದ ಚಿತ್ರೋತ್ಸವವೊಂದರಲ್ಲಿ ಬಹುಮಾನ ಬಂತು. ಸಾಹುಕಾರರು ನಮ್ಮಿಬ್ಬರನ್ನೂ ಕರೆಸಿ, "ದೊಡ್ಡದ ಮಾಡೂಣು. ಕಂಪನಿ ಮಾಡೂಣು," ಎಂದರು.

ಪಾಲುದಾರಿಕೆಯ ಕಾಗದವನ್ನು ನಾನು ಮೂರು ಸಲ ಓದಿದೆ. ನನ್ನ ಗಂಡ ನಕ್ಕರು. ಅವರಿಗೆ ಗೊತ್ತು, ಏನಾದರೂ ಒಳ್ಳೆಯದಾಗುವ ಹೊತ್ತಿಗೆ ನಾನು ಎಲ್ಲಿ ತಪ್ಪಿದೆಯೆಂದು ಹುಡುಕುತ್ತೇನೆ. ಸಹಿ ಮಾಡಿದೆ. ಸ್ಟುಡಿಯೊದ ಮಹಡಿಗೆ ಬೋರ್ಡು ಬಂತು.

ಮೊದಲ ದೊಡ್ಡ ಸಿನಿಮಾ ಕಾಗಿನೆಲೆಗೆ ಹೋಗುವ ಬಸ್ಸಿನ ಕಂಡಕ್ಟರೊಬ್ಬನದು. ಹಾವೇರಿಯ ಟಾಕೀಸಿನವರು ಮೂರು ದಿನಕ್ಕೆಂದು ಒಪ್ಪಿಕೊಂಡವರು ಮೂರು ವಾರ ಓಡಿಸಿದರು. ಹಳ್ಳಿಗಳಿಂದ ಮಂದಿ ಬಾಡಿಗೆ ಟ್ರ್ಯಾಕ್ಸ್ ಗಾಡಿ ಮಾಡಿಕೊಂಡು ಬಂದರು. ತಮ್ಮ ಮಾತು ಪರದೆಯ ಮೇಲೆ ಕೇಳಿದಾಗಲೆಲ್ಲ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದನ್ನು ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಬೆಂಗಳೂರಿನಿಂದ ಫೋನುಗಳು ಬಂದವು. ಒಂದು ಆ್ಯಪಿನವರು ಸಿನಿಮಾ ತೆಗೆದುಕೊಂಡರು, ಮುಂದಿನದು ಯಾವಾಗ ಎಂದು ಕೇಳಿದರು. ಮಾಸ್ತರರು ಶಾಲೆಗೆ ದೀರ್ಘ ರಜೆ ಹಾಕಿದರು. ಆ ದಿನಗಳಲ್ಲಿ ಅವರ ನಡಿಗೆಯೇ ಬದಲಾಗಿತ್ತು. ನಾನು ಮಾತ್ರ ಎಲ್ಲಿಂದ ಏನು ಬಂದು ಬಡಿಯುತ್ತದೋ ಎಂದು ಕಾಯುತ್ತಲೇ ಇದ್ದೆ.

ಮುಂದಿನ ಸಿನಿಮಾ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸಿನದು. ಬಣ್ಣ ಹಚ್ಚಿ ಅಭ್ಯಾಸವಿದ್ದ ನಾಲ್ಕಾರು ನಟಿಯರನ್ನು ನೋಡಿದೆವು. ಅವರ ಬೆರಳುಗಳೇ ಮಾಸ್ತರರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಸಾಹುಕಾರರ ಅಂಗಡಿಯ ಅಂಗಳದಲ್ಲೇ ಅವರಿಗೆ ಬೇಕಾದವಳು ಸಿಕ್ಕಳು. ಕದರಮಂಡಲಗಿಯಿಂದ ದಿನಾ ಕೂಲಿಗೆ ಬರುತ್ತಿದ್ದ ಹೆಂಗಸು. ಐವತ್ತು ದಾಟಿತ್ತು. ಗಂಡ ತೀರಿಕೊಂಡಿದ್ದ, ಮಗಳನ್ನು ಅದೇ ಊರಲ್ಲಿ ಕೊಟ್ಟಿದ್ದಳು. ನಾನು ಅಕ್ಕಾ ಎನ್ನುತ್ತಿದ್ದೆ.

ಮೊದಲ ದಿನ ಆಕೆ ಮಾಸ್ತರರನ್ನು ಕೇಳಿದಳು. "ನಾ ಏನ್ ಮಾಡ್ಬೇಕ್ರಿ?"

"ದಿನಾ ಏನ್ ಮಾಡ್ತೀರೋ ಅದನ್ನ ಮಾಡ್ರಿ."

"ಅದನ್ನ ನೋಡಾಕ ಇಷ್ಟು ಮಂದಿ ಬಂದೀರೇನು?" ಎಂದು ಆಕೆ ನಕ್ಕಳು. ಕ್ಯಾಮೆರಾ ಆನ್ ಆಗಿತ್ತು. ಆ ನಗು ಉಳಿಯಿತು.

ನಿರ್ದೇಶನ ಮಾಸ್ತರರದು, ಧ್ವನಿಯ ಕೆಲಸ ನನ್ನದು. ಮೈಕು ಆಕೆಯ ಎದೆಯ ಹತ್ತಿರ ಸೀರೆಯ ಮಡಿಕೆಯಲ್ಲಿ ಇರುತ್ತಿತ್ತು, ಹೆಡ್‌ಫೋನು ನನ್ನ ಕಿವಿಯಲ್ಲಿ. ಹೊರಗೆ ನಿಂತವರಿಗೆ ಕೇಳದ್ದೆಲ್ಲ ನನಗೆ ಕೇಳುತ್ತಿತ್ತು. ಆಕೆಯ ಪ್ರತಿ ಉಸಿರಿನ ತುದಿಯಲ್ಲಿ ಸಣ್ಣ ಸಿಳ್ಳಿನಂಥದೊಂದು ಸದ್ದು. ಮೊದಲ ವಾರ ಅದು ಆಗೀಗ ಬರುತ್ತಿತ್ತು. ಮೂರನೆಯ ವಾರಕ್ಕೆ ಒಂದು ಉಸಿರೂ ಅದಿಲ್ಲದೆ ಬರುತ್ತಿರಲಿಲ್ಲ. ಮೆಣಸಿನಕಾಯಿ ಘಾಟಿಗೆ ನಾವೆಲ್ಲ ಸೀನುತ್ತಿದ್ದೆವು, ಕಣ್ಣೊರೆಸಿಕೊಳ್ಳುತ್ತಿದ್ದೆವು. ಆಕೆ ಸೀನುತ್ತಿರಲಿಲ್ಲ, ಕೆಮ್ಮನ್ನು ನುಂಗುತ್ತಿದ್ದಳು. ನುಂಗುವ ಸದ್ದೂ ನನಗೆ ಕೇಳುತ್ತಿತ್ತು.

ಮಾಸ್ತರರನ್ನು ಪಕ್ಕಕ್ಕೆ ಕರೆದು ಹೆಡ್‌ಫೋನು ಕೊಟ್ಟೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಇದು ಯಾವ ನಟಿಗೂ ಬರೂದಿಲ್ಲ ಅಕ್ಕಾರ. ಎಷ್ಟು ಖರೇ ಐತಿ," ಎಂದರು.

"ಸರ್, ಡಾಕ್ಟರಿಗೆ ತೋರಸೂಣ್ರಿ."

"ತೋರಸೂಣು. ಇನ್ನ ಆರ ದಿನದ ಕೆಲಸ ಐತಿ. ಮುಗದ ಕೂಡಲೇ ನಾನ ಕರಕೊಂಡು ಹೋಗ್ತೀನಿ."

ಅವರು ಕೆಟ್ಟ ಮನುಷ್ಯರಲ್ಲ. ಆ ಮಾತನ್ನು ನಂಬಿಯೇ ಹೇಳಿದರು. ನಾನೂ ನಂಬಬೇಕೆಂದಿದ್ದೆ. ಆದರೂ ಮನಸ್ಸು ತಡೆಯದೆ ಊಟದ ಹೊತ್ತಿಗೆ ಆಕೆಯ ಪಕ್ಕ ಹೋಗಿ ಕುಳಿತೆ.

"ಅಕ್ಕಾ, ಉಸಿರು ಹತ್ತತೈತೇನು?"

ಆಕೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಈ ಕೆಮ್ಮು ಶುರುವಾಗಿ ಬಾಳ ವರ್ಷ ಆತವಾ. ಕೇಳಿದವ್ರು ನೀವ ಮೊದಲು. ಆದ್ರ ಇದನ್ನ ನಿಲ್ಲಸಬ್ಯಾಡ್ರಿ. ಮಾಸ್ತರ್ರು ನನ್ನ ಕೇಳ್ತಾರ, ಹಿಂಗ ಕುಂದ್ರೂದೋ, ಹಂಗ ಕುಂದ್ರೂದೋ, ನೀವೇನಂತೀರಿ ಅಂತ. ನನ್ನ ಹಂಗ ಯಾರ್ ಕೇಳ್ಯಾರ ಹೇಳ್ರಿ?"

ನಾನು ಎದ್ದು ಮತ್ತೆ ಹೆಡ್‌ಫೋನು ಹಾಕಿಕೊಂಡೆ. ಬಾಯಿ ಮುಚ್ಚಿಕೊಳ್ಳಲು ನನಗೊಂದು ಕಾರಣ ಬೇಕಾಗಿತ್ತೇನೋ, ಅದೂ ನಿಜ.

ಕೊನೆಯಿಂದ ಎರಡನೆಯ ದಿನ ದೊಡ್ಡ ದೃಶ್ಯ. ಹಮಾಲರು ಒಂದರ ಹಿಂದೊಂದು ಚೀಲ ಸುರುವುತ್ತಾರೆ, ಕೆಂಪು ರಾಶಿ ಏರುತ್ತದೆ, ದೂಳಿನ ನಡುವೆ ಆಕೆ ಎದ್ದು ನಿಂತು ಎರಡೇ ಮಾತು ಹೇಳಬೇಕು. ಒಮ್ಮೆ ಚೀಲ ತಡವಾಯಿತು, ಒಮ್ಮೆ ಬೆಳಕು ಸರಿಯಿತು, ಒಮ್ಮೆ ಫೋಕಸ್ ತಪ್ಪಿತು. ಪ್ರತಿ ಸಲವೂ ರಾಶಿಯನ್ನು ಚೀಲಗಳಿಗೆ ತುಂಬಿಸಿ ಮತ್ತೆ ಸುರುವಿಸಿದೆವು. ಏಳನೆಯ ಟೇಕಿನ ಹೊತ್ತಿಗೆ ಸಿಳ್ಳಿನ ಸದ್ದು ನಿಂತು, ಉಸಿರು ತುಂಡು ತುಂಡಾಗಿ ಬರತೊಡಗಿತು. ನಾನು ಕೈಯೆತ್ತಿದೆ. ಮಾಸ್ತರರು ನನ್ನನ್ನು ನೋಡಿದರು, ಬೆರಳು ತೋರಿಸಿ ಇನ್ನೊಂದೇ ಎಂದರು. ನಾನು ಕೈ ಇಳಿಸಿದೆ. ಹತ್ತನೆಯದು ಚೆನ್ನಾಗಿ ಬಂತು, ಇನ್ನೂ ಒಂದಿರಲಿ ಎಂದರು. ಹನ್ನೊಂದನೆಯದರಲ್ಲಿ ಆಕೆ ಎದ್ದು ನಿಂತಳು, ಬಾಯಿ ತೆರೆದಳು, ಮಾತು ಬರಲಿಲ್ಲ. ರಾಶಿಯ ಮೇಲೆ ಮಗ್ಗುಲಾಗಿ ಬಿದ್ದಳು. ಅದೂ ಅಭಿನಯವೆಂದುಕೊಂಡು ಕ್ಯಾಮೆರಾದವನು ಹಾಗೇ ಹಿಡಿದುಕೊಂಡಿದ್ದ. ಹೆಡ್‌ಫೋನು ಇದ್ದವಳು ನಾನೊಬ್ಬಳೇ. ನಾನೇ ಮೊದಲು ಓಡಿದೆ.

ಸಾಹುಕಾರರ ಕಾರಿನಲ್ಲಿ ಹಾವೇರಿಯ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ಉಸಿರು ಎಣಿಸುತ್ತಿದ್ದೆ, ಮಧ್ಯೆ ಎಣಿಕೆ ತಪ್ಪಿದಾಗಲೆಲ್ಲ ಮತ್ತೆ ಒಂದರಿಂದ ಶುರು ಮಾಡುತ್ತಿದ್ದೆ. ಒಳಗೆ ಆಕೆಯ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದರು. ನಾವು ಮೂವರೂ ಹೊರಗಿನ ಬೆಂಚಿನ ಮೇಲೆ ಕುಳಿತೆವು. ನಮ್ಮ ಬಟ್ಟೆಯ ಘಾಟಿಗೆ ಪಕ್ಕದಲ್ಲಿದ್ದವರು ಎದ್ದು ದೂರ ಹೋದರು.

ಸಂಜೆ ಆಕೆಯ ಮಗಳು ಬಂದಳು. ಮಾಸ್ತರರು ಎದ್ದು, "ಒಮ್ಮಿಂದೊಮ್ಮೆ ಆತವಾ, ಯಾರಿಗೂ ಅಂದಾಜ ಇರಲಿಲ್ಲ," ಎಂದರು.

ಮಗಳು ಅವರನ್ನು ಬಿಟ್ಟು ನನ್ನನ್ನು ನೋಡಿದಳು. "ಕಿವ್ಯಾಗ ಹಾಕ್ಕೊಂಡು ಕುಂದ್ರತಾರಲ್ಲ, ಆ ಅಕ್ಕಾರು ನೀವೇನ್ರಿ? ನಮ್ಮವ್ವ ಹೇಳ್ತಿದ್ಲು. ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತವಾ," ಎಂದೆ.

ಮಾಸ್ತರರು ತಲೆ ತಗ್ಗಿಸಿದರು. ಸಾಹುಕಾರರು ಎದ್ದು ಕಾರಿಡಾರಿನ ಕೊನೆಗೆ ಹೋಗಿ ನಿಂತರು. ಕಂಪನಿ ಮುರಿದದ್ದು ಆ ಬೆಂಚಿನ ಮೇಲೆಯೇ ಎಂದು ನನಗೆ ಈಗಲೂ ಅನಿಸುತ್ತದೆ, ಕಾಗದದ ಮೇಲೆ ಮುರಿಯಲು ಮುಂದೆ ತಿಂಗಳುಗಟ್ಟಲೆ ಹಿಡಿದರೂ.

ಆಕೆ ಬದುಕಿದಳು. ಹನ್ನೆರಡು ದಿನದ ಮೇಲೆ ಊರಿಗೆ ಹೋದಳು. ಸುದ್ದಿ ಮಾರುಕಟ್ಟೆಯಲ್ಲಿ ಹರಡಿತು. ಶೂಟಿಂಗ್ ಎಂದರೆ ಹೆಂಗಸರು ಅಂಗಳ ಬಿಟ್ಟು ಏಳತೊಡಗಿದರು. ಉಳಿದ ವ್ಯಾಪಾರಿಗಳು ಸಾಹುಕಾರರನ್ನು ಕೇಳಿದರು, ಈ ದೂಳು, ಈ ಕೆಮ್ಮು ಎಲ್ಲಾ ತೋರಿಸಿ ನಮ್ಮ ಮಾರುಕಟ್ಟೆಗೆ ಕೆಟ್ಟ ಹೆಸರು ತರುತ್ತೀರೇನು ಎಂದು. ಅವರು ನಮ್ಮ ಫೋನು ಎತ್ತುವುದು ಕಡಿಮೆ ಮಾಡಿದರು. ಮಾಸ್ತರರು ಮಾತ್ರ ಬಿಡಲಿಲ್ಲ. ಉಳಿದ ಒಂದು ದಿನದ ಕೆಲಸವನ್ನು ಬೇರೆ ಹೆಂಗಸಿನ ಬೆನ್ನು ತೋರಿಸಿ ಮುಗಿಸೋಣ ಎಂದರು. ಹನ್ನೊಂದನೆಯ ಟೇಕು ಸಿನಿಮಾದ ಕೊನೆಯಾಗಬೇಕು ಎಂದರು.

"ಅದು ಅಭಿನಯ ಅಲ್ರಿ ಸರ್."

"ಅದಕ್ಕ ಕೇಳಾಕತ್ತೇನಿ. ಮಾತು ಮರತ ಹುಡುಗಿನ್ನ ನೀವ ಇಟ್ಟಿದ್ದಿಲ್ಲೇನು?"

 ಸಿನಿಮಾದ ಹಾರ್ಡ್ ಡಿಸ್ಕುಗಳು ನನ್ನ ಕಪಾಟಿನಲ್ಲಿದ್ದವು. ಬೀಗ ಹಾಕಿದ್ದರೂ ದಿನಕ್ಕೆ ನಾಲ್ಕು ಸಲ ತೆರೆದು ನೋಡುತ್ತಿದ್ದೆ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ಕಪಾಟಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದೆ.  ಒಂದು ದಿನ ನನ್ನ ಗಂಡ, "ಅದನ್ನ ಕೇಳಬೇಕಾದವ್ರನ್ನ ಕೇಳು," ಎಂದರು.

ಲ್ಯಾಪ್‌ಟಾಪ್ ಹಿಡಿದು ಕದರಮಂಡಲಗಿಗೆ ಹೋದೆ. ಆಕೆ ಮಗಳ ಮನೆಯಲ್ಲಿದ್ದಳು. ಗೋಡೆಗೆ ಒರಗಿ ಕುಳಿತು, ಶೂಟ್ ಮಾಡಿದ್ದಷ್ಟನ್ನೂ ನೋಡಿದಳು. ತನ್ನ ನಗು ಬಂದಾಗ ಮಗಳ ಕೈ ಹಿಡಿದಳು. ಕೊನೆಯ ಟೇಕು ಹಾಕಲೋ ಬೇಡವೋ ಎಂದು ನಾನು ತಡೆದೆ. "ಹಾಕು," ಎಂದಳು. ತಾನು ಬೀಳುವುದನ್ನು ನೋಡಿ ಹೊದ್ದ ಸೆರಗನ್ನು ಎಳೆದುಕೊಂಡಳು.

"ಸೆರಗ ಎಲ್ಲಿ ಹೋಗೇತಿ ನೋಡು," ಎಂದಳು. "ನಕ್ಕಿದ್ದು ಇರ್ಲಿ. ಇದು ಬ್ಯಾಡ. ಮಂದಿ ಮುಂದ ಬ್ಯಾಡ."

ಆ ಟೇಕನ್ನು ಆಕೆಯ ಎದುರಿಗೇ ಅಳಿಸಿದೆ. ಮನೆಗೆ ಬಂದು ಉಳಿದ ಎರಡು ಪ್ರತಿಗಳಿಂದಲೂ ಅಳಿಸಿದೆ. ಆಮೇಲೆ ಮಾಸ್ತರರಿಗೆ ಫೋನು ಮಾಡಿ ಹೇಳಿದೆ. ಅವರು ಬೈಯಲಿಲ್ಲ. "ಆತು," ಎಂದು ಇಟ್ಟುಬಿಟ್ಟರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಸಾಹುಕಾರರ ಅಂಗಡಿಯಲ್ಲಿ ಮೂವರೂ ಕುಳಿತು ಕಂಪನಿ ಮುಚ್ಚುವ ಕಾಗದಕ್ಕೆ ಸಹಿ ಮಾಡಿದೆವು. ಚಹಾ ಬಂತು. ಮಾಸ್ತರರು ಸೊರಗಿದ್ದರು, ಮತ್ತೆ ಶಾಲೆಗೆ ಹೋಗತೊಡಗಿದ್ದರು. ಎದ್ದು ಹೊರಡುವಾಗ ನನ್ನ ಕಡೆ ನೋಡದೆ, "ನೀವು ಕೈ ಎತ್ತಿದಾಗ ನಾ ನಿಲ್ಲಸಬೇಕಿತ್ತು," ಎಂದರು.

"ನಾ ಕೈ ಇಳಸಬಾರದಿತ್ರಿ ಸರ್," ಎಂದೆ. ಅವರು ಹಾವೇರಿ ಬಸ್ಸಿಗೆ ಹೋದರು.

ಸಿನಿಮಾ ಹೊರಗೆ ಬರಲಿಲ್ಲ. ನಾನು ಮದುವೆಗಳಿಗೆ ಮರಳಿದೆ. ಈ ಸುಗ್ಗಿಯಲ್ಲಿ ಯಾವುದೋ ಮದುವೆಯ ಕೆಲಸಕ್ಕೆಂದು ಬ್ಯಾಡಗಿಗೆ ಹೋದವಳು ಮಾರುಕಟ್ಟೆಯ ಮುಂದೆ ಹಾಯ್ದೆ. ಒಂದು ಅಂಗಳದಲ್ಲಿ ಹತ್ತಿಪ್ಪತ್ತು ಹೆಂಗಸರ ನಡುವೆ ಆಕೆ ಕುಳಿತಿದ್ದಳು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ತೊಟ್ಟು ಬಿಡಿಸುತ್ತಿದ್ದಳು. ನಾನು ಒಳಗೆ ಹೋದೆ.

"ಅಕ್ಕಾ, ಡಾಕ್ಟರು ಈ ಕೆಲಸ ಬ್ಯಾಡ ಅಂದಿದ್ರಲ್ಲ."

"ಮನ್ಯಾಗ ಕುಂತ್ರ ಆಗೂದಿಲ್ಲವಾ. ನೀ ಆರಾಮ ಅದೀ?" ಎಂದಳು. ಕೈ ನಿಲ್ಲಲಿಲ್ಲ. ಪಕ್ಕದವಳಿಗೆ ಸರಿಯಲು ಹೇಳಿ, ತಾನು ಕುಳಿತಿದ್ದ ಗೋಣಿತಾಟಿನ ತುದಿಯಲ್ಲಿ ನನಗೆ ಜಾಗ ಮಾಡಿಕೊಟ್ಟಳು. ಮದುವೆ ಮನೆಯವರು ಎರಡು ಸಲ ಫೋನು ಮಾಡಿದರು. ನಾನು ಇನ್ನಷ್ಟು ಹೊತ್ತು ಅಲ್ಲಿ ಕುಳಿತಿದ್ದೆ.